ಮಂಗ ಸತ್ತ ಸುದ್ದಿ ಪತ್ರಿಕೆಯಲ್ಲಿ ಯಾಕೆ ಬರಲಿಲ್ಲ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಸಾಗರ ತಾಲ್ಲೂಕಿನ ಒಂದು ಹಳ್ಳಿಯವನು. ನಲವತ್ತು ವರ್ಷದಿಂದ ಮನೆಗೆ ಪತ್ರಿಕೆ ತರಿಸುತ್ತಿದ್ದೇನೆ. ಹತ್ತು ದಿನದ ಹಿಂದೆ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಎರಡು ಮಂಗ ಸತ್ತು ಬಿದ್ದಿದ್ದವು. ಮೊದಲಾಗಿದ್ದರೆ ಎರಡನೇ ದಿನಕ್ಕೆ ಪತ್ರಿಕೆಯಲ್ಲಿ ಇರುತ್ತಿತ್ತು. ಈಗ ಒಂದು ಸಾಲೂ ಇಲ್ಲ. ಆದರೆ ಹಾಸನದ ಹೃದಯಾಘಾತದ ಬಗ್ಗೆ ಟಿವಿಯವರು ವಾರಗಟ್ಟಲೆ ಬೊಬ್ಬೆ ಹೊಡೆದರಲ್ಲ? ಪಕ್ಕದ ಹೋಬಳಿಯ ಕಾರ್ಖಾನೆ ವಿಸ್ತರಣೆಗೆ ಪರಿಸರ ಅಹವಾಲು ಸಭೆಯೂ ಆಗಿಹೋಯಿತಂತೆ. ದಿನಾ ಪತ್ರಿಕೆ ಓದುವ ನನಗೇ ಗೊತ್ತಾಗಲಿಲ್ಲ. ಒಬ್ಬ ಯೂಟ್ಯೂಬ್ ಚಾನೆಲ್ ಹುಡುಗ ‘ಮಂಗದ ಸುದ್ದಿ ನಾನು ಹಾಕ್ತೀನಿ, ಪೆಟ್ರೋಲಿಗೆ ಎರಡು ಸಾವಿರ ಕೊಡಿ ಸಾರ್’ ಅಂದ. ಪತ್ರಿಕೆಗಳೆಲ್ಲ ತಮ್ಮನ್ನು ಮಾರಿಕೊಂಡಿವೆಯಾ? ನಿಲ್ಲಿಸಿಬಿಡಲಾ? ಇಂಥ ಸುದ್ದಿಯನ್ನು ಇನ್ನು ಯಾರಿಗೆ ಹೇಳಬೇಕು? ನಮ್ಮ ಸೊಸೆ ಅದೇ ಬೆಟ್ಟಕ್ಕೆ ದರಗು (ಉದುರಿದ ಒಣ ಎಲೆ) ಗುಡಿಸಲು ಹೋಗುತ್ತಾಳೆ. ಅದಕ್ಕೇ ಹೆದರಿಕೆ.

ಉತ್ತರ: ಮೇಷ್ಟ್ರೇ, ಸೊಸೆಯ ವಿಷಯ ಮೊದಲು. ಸುದ್ದಿಯ ಮಾತು ಆಮೇಲೆ ಆಡೋಣ.

ಮಂಗ ಬಿದ್ದ ಜಾಗಕ್ಕೆ ಸದ್ಯ ಯಾರೂ ಹೋಗುವುದು ಬೇಡ. ಅಲ್ಲಿನ ದರಗು ಕೊಟ್ಟಿಗೆಗೆ ಬರುವುದೂ ಬೇಡ. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಕೆಳಗಿಳಿದು ಸುತ್ತಲಿನ ಎಲೆ, ಹುಲ್ಲಿನಲ್ಲಿ ಕಾದು ಕೂತಿರುತ್ತದೆ. ಮಂಗನ ಕಾಯಿಲೆ ಅನ್ನುವ ಜ್ವರ ಮನುಷ್ಯರಿಗೆ ಬರುವುದು ಆ ಉಣುಗು ಕಚ್ಚಿ. ಕಾಡಿಗೆ ಹೋಗಲೇಬೇಕು ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತಿರ ಬರದಂತೆ ಹಚ್ಚುವ ಡೇಪಾ ಎಣ್ಣೆ ಕೇಳಿ ಪಡೆಯಿರಿ. ಅದನ್ನು ಕೈಕಾಲಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗಲಿ. ಬಂದ ಮೇಲೆ ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಲಿ. ಬಟ್ಟೆಗೂ ಬಿಸಿನೀರೇ ಆಗಬೇಕು. ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗುವುದಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿ. ಹಳೆಯ ಲಸಿಕೆಯನ್ನು ಪರಿಣಾಮ ಸಾಲದು ಅಂತ 2022ರಲ್ಲೇ ನಿಲ್ಲಿಸಿದ್ದಾರೆ, ಅದನ್ನು ನಂಬಿ ಕೂರಬೇಡಿ.

ಇನ್ನು ನಿಮ್ಮ ಸಿಟ್ಟಿನ ವಿಷಯ. ನಾನು ಮೂವತ್ತು ವರ್ಷ ಸುದ್ದಿಮನೆಯಲ್ಲಿದ್ದವನು. ಅದರಲ್ಲಿ ಅರ್ಧದಷ್ಟು ಕಾಲ ಬರೆದದ್ದು ಆಸ್ಪತ್ರೆ, ಕಾಡು, ನೀರಿನ ಬಗ್ಗೆ. ಹಾಗಾಗಿ ಪತ್ರಿಕೆಯವರ ಪರ ವಕಾಲತ್ತು ವಹಿಸುತ್ತಿದ್ದೇನೆ ಅಂತ ನಿಮಗೆ ಅನ್ನಿಸಬಹುದು. ಅನ್ನಿಸಿದರೂ ಸರಿ, ನಿಮ್ಮ ಬೆಟ್ಟದ ಮಂಗದ ಸುದ್ದಿಯನ್ನು ಯಾರೂ ದುಡ್ಡು ತಗೊಂಡು ಮುಚ್ಚಿಟ್ಟಿಲ್ಲ. ಅದನ್ನು ಹೋಗಿ ತರುವ ಮನುಷ್ಯನೇ ಈಗ ಇಲ್ಲ. ನನ್ನ ಪ್ರಕಾರ ಇದು ಮುಚ್ಚಿಡುವುದಕ್ಕಿಂತ ಜಾಸ್ತಿ ಅಪಾಯದ ವಿಷಯ. ಮುಚ್ಚಿಟ್ಟದ್ದನ್ನು ಇನ್ನೊಬ್ಬ ಬಯಲಿಗೆ ತರಬಹುದು. ಯಾರೂ ಬರೆದೇ ಇಲ್ಲದ್ದನ್ನು ಹುಡುಕುವುದೆಲ್ಲಿ?

ಮೊದಲು ನಿಮ್ಮ ಕಡೆಯ ಸುದ್ದಿ ಹೇಗೆ ಬರುತ್ತಿತ್ತು ಅಂತ ನೆನಪಿದೆಯಾ? ಹೋಬಳಿಗೊಬ್ಬ, ಇಲ್ಲವೇ ತಾಲ್ಲೂಕಿಗೊಬ್ಬ ಸ್ಟ್ರಿಂಗರ್. ಸಂಬಳದ ನೌಕರ ಅಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಕಾಸು. ಹೊಟ್ಟೆಪಾಡಿಗೆ ಜೆರಾಕ್ಸ್ ಅಂಗಡಿಯೋ ಎಲ್‌ಐಸಿ ಏಜೆನ್ಸಿಯೋ ಇರುತ್ತಿತ್ತು. ಸಂಜೆ ಬಿಳಿ ಹಾಳೆಯಲ್ಲಿ ಸುದ್ದಿ ಬರೆದು, ಫೋಟೋ ಇದ್ದರೆ ಜೊತೆಗಿಟ್ಟು, ಕವರಿನ ಮೇಲೆ ‘ಪ್ರೆಸ್ ಅರ್ಜೆಂಟ್’ ಅಂತ ಬರೆದು ಕೊನೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದ. ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಆಫೀಸಿನ ಹುಡುಗ ಕಾದಿರುತ್ತಿದ್ದ. ನಾನು ಡೆಸ್ಕಿನಲ್ಲಿ ಕವರ್ ಒಡೆದರೆ ಒಳಗೆ ಮೂರು ವಾಕ್ಯ. ಇಂಥ ಊರಿನ ಕಾಡಲ್ಲಿ ಮಂಗ ಸತ್ತಿದೆ, ಜನ ಹೆದರಿದ್ದಾರೆ, ಇಲಾಖೆಯವರು ಇನ್ನೂ ಬಂದಿಲ್ಲ. ಅಷ್ಟೇ. ಒಂದು ಕಾಲಮ್ಮಿನಲ್ಲಿ ಎರಡು ಇಂಚು ಹಾಕುತ್ತಿದ್ದೆವು. ಮರುದಿನ ಮಧ್ಯಾಹ್ನದೊಳಗೆ ಇಲಾಖೆಯ ಜೀಪು ಆ ಊರಿನಲ್ಲಿರುತ್ತಿತ್ತು.

ಆ ಎರಡು ಇಂಚಿನ ಖರ್ಚನ್ನು ಜಾಹೀರಾತು ಹೊರುತ್ತಿತ್ತು. ಪತ್ರಿಕೆ ಅಚ್ಚು ಹಾಕುವ ಖರ್ಚಿನ ಮುಂದೆ ನೀವು ಕೊಡುವ ಬೆಲೆ ಏನೂ ಅಲ್ಲ. ಆ ಜಾಹೀರಾತಿನ ದೊಡ್ಡ ಪಾಲು ಈಗ ಫೋನಿನೊಳಗೆ ಹೋಗಿದೆ. 2020ರ ಕೊರೋನಾ ಲಾಕ್‌ಡೌನಿನಲ್ಲಿ ಇದ್ದದ್ದೂ ಕುಸಿಯಿತು, ಪುಟ ಕಡಿಮೆಯಾದವು, ಎಷ್ಟೋ ಜನ ಕೆಲಸ ಕಳೆದುಕೊಂಡರು. 2022ರಲ್ಲಿ ಕಾಗದದ ಬೆಲೆ ಏರಿತು. ಇಂಥ ಹೊತ್ತಿನಲ್ಲಿ ಮೊದಲು ಕತ್ತರಿ ಬೀಳುವುದು ಯಾರಿಗೆ ಹೇಳಿ? ರಾಜಕೀಯ ವರದಿಗಾರನಿಗಲ್ಲ, ಕ್ರೈಂ ವರದಿಗಾರನಿಗಲ್ಲ. ‘ಆರೋಗ್ಯ, ಪರಿಸರ ಇನ್ಮೇಲೆ ಇರೋರೇ ನೋಡ್ಕೊಳ್ಳಲಿ’ ಅಂತಾರೆ. ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಯೇ 2013ರಲ್ಲಿ ತನ್ನ ಪರಿಸರ ವಿಭಾಗವನ್ನು ಬರಖಾಸ್ತು ಮಾಡಿ ವರದಿಗಾರರನ್ನು ಬೇರೆ ಬೇರೆ ಡೆಸ್ಕಿಗೆ ಹಂಚಿತ್ತು.

ಸ್ಟ್ರಿಂಗರ್ ಪೂರ್ತಿ ಹೋಗಿಲ್ಲ, ಇದ್ದಾನೆ. ಆದರೆ ಅವನ ಕೆಲಸ ಬದಲಾಗಿದೆ. ಪುರವಣಿಗೆ ಜಾಹೀರಾತು ತರಬೇಕು, ವೆಬ್‌ಸೈಟಿಗೆ ಫೋಟೋ ಕಳಿಸಬೇಕು, ವಿಡಿಯೋ ಮಾಡಬೇಕು. ಇದರ ಮಧ್ಯೆ ನಿಮ್ಮ ಬೆಟ್ಟ ಹತ್ತಲು ಅರ್ಧ ದಿನ, ಪೆಟ್ರೋಲು ಅವನದೇ. ತಂದ ಸುದ್ದಿ ಅಚ್ಚಾಗುವ ಖಾತ್ರಿಯೂ ಇಲ್ಲ. ಇನ್ನೊಂದು ಸೂಕ್ಷ್ಮ ಇದೆ. ಅವನು ಜಾಹೀರಾತು ಕೇಳಲು ಹೋಗುವ ಆಸ್ಪತ್ರೆ, ಕಾರ್ಖಾನೆಗಳ ಮೇಲೆಯೇ ಸುದ್ದಿ ಬರೆಯಬೇಕಾಗಿ ಬರುತ್ತದೆ. ‘ಬರೆಯಬೇಡ’ ಅಂತ ಯಾರೂ ಹೇಳಬೇಕಾಗಿಲ್ಲ, ಕೈ ತಾನೇ ಹಿಂದೆ ಸರಿಯುತ್ತದೆ. ‘ಮಾರಿಕೊಂಡಿವೆ’ ಅನ್ನುವ ನಿಮ್ಮ ಮಾತಿನಲ್ಲಿ ಇಷ್ಟು ನಿಜ ಇದೆ, ಇಲ್ಲ ಅನ್ನಲಾರೆ. ಆರೋಗ್ಯದ ಪುಟದಲ್ಲಿ ಲೇಖನದ ವೇಷದಲ್ಲಿ ಬರುವ ಆಸ್ಪತ್ರೆ ಜಾಹೀರಾತುಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ. ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಜಾಹೀರಾತು’ ಅಂತ ಇದೆಯಾ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಹಾಸನ ಯಾಕೆ ಅಷ್ಟು ಬಂತು ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. 2025ರ ಜೂನ್, ಜುಲೈನಲ್ಲಿ ಚಾನೆಲ್‌ಗಳು ಕ್ರಿಕೆಟ್ ಸ್ಕೋರಿನ ಹಾಗೆ ಸಾವಿನ ಲೆಕ್ಕ ಹಾಕಿದವು. ಇವತ್ತು ಇಷ್ಟು, ಒಟ್ಟು ಇಷ್ಟು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತರು. ಎಷ್ಟೋ ಮಂದಿಗೆ ಎದೆನೋವೂ ಇರಲಿಲ್ಲ, ಹೆದರಿಕೆ ಇತ್ತು ಅಷ್ಟೇ. ಕೋವಿಡ್ ಲಸಿಕೆಯೇ ಕಾರಣ ಇರಬಹುದಾ ಅನ್ನುವ ಮಾತು ಮುಖ್ಯಮಂತ್ರಿಗಳ ಕಡೆಯಿಂದಲೇ ಬಂತು, ಕೇಂದ್ರ ಆರೋಗ್ಯ ಇಲಾಖೆ ಅಲ್ಲಗಳೆಯಿತು. ಆಮೇಲೆ ಸರ್ಕಾರದ ತಜ್ಞರ ಸಮಿತಿ 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅದರಲ್ಲಿ ನಾಲ್ಕು ಹೃದಯದ ಸಾವೇ ಅಲ್ಲ. ಹೃದಯಾಘಾತ ಇದ್ದಕ್ಕಿದ್ದಂತೆ ಏರಿದೆ ಅನ್ನುವುದಕ್ಕೆ ಆಸ್ಪತ್ರೆಯ ಅಂಕಿಗಳಲ್ಲಿ ಆಧಾರ ಸಿಗಲಿಲ್ಲ.

ಸಣ್ಣ ವಯಸ್ಸಿನ ಸಾವು ಸುಳ್ಳಾಗಿರಲಿಲ್ಲ, ಆ ಮನೆಗಳ ದುಃಖ ಸುಳ್ಳಲ್ಲ. ಸುಳ್ಳಾದದ್ದು ಲೆಕ್ಕ. ಒಂದು ಜಿಲ್ಲೆಯಲ್ಲಿ ತಿಂಗಳಿಗೆ ಸಾಮಾನ್ಯವಾಗಿ ಎಷ್ಟು ಜನ ಹೃದಯಾಘಾತದಿಂದ ಸಾಯುತ್ತಾರೆ ಅಂತ ಗೊತ್ತಿಲ್ಲದೆ ‘ಇಪ್ಪತ್ತು ಜನ ಸತ್ತರು’ ಅಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಈ ಒಂದು ಪ್ರಶ್ನೆ ಕೇಳುವ ಅನುಭವಿ ಆರೋಗ್ಯ ವರದಿಗಾರ ಇದ್ದಿದ್ದರೆ ಮೊದಲ ವಾರದಲ್ಲೇ ಗದ್ದಲ ಅರ್ಧ ಇಳಿಯುತ್ತಿತ್ತು. ಖರ್ಚಿನ ಲೆಕ್ಕವನ್ನೂ ನೋಡಿ. ಸ್ಟುಡಿಯೋಗೆ ಇಬ್ಬರು ವೈದ್ಯರನ್ನು ಕರೆಸಿ ಒಂದು ಗಂಟೆ ಮಾತಾಡಿಸಿದರೆ ಒಂದು ಟೀ ಖರ್ಚು. ಅರಳಗೋಡಿಗೆ ಕ್ಯಾಮೆರಾ ಕಳಿಸಲು ಗಾಡಿ, ಡ್ರೈವರ್, ಎರಡು ದಿನ. ನಿಮ್ಮ ತಾಲ್ಲೂಕಿನದೇ ಆ ಅರಳಗೋಡಿಗೆ ಕ್ಯಾಮೆರಾಗಳು ಬಂದದ್ದು ಯಾವಾಗ? 2018ರ ಕೊನೆಯಲ್ಲಿ, ಮಂಗನ ಕಾಯಿಲೆಯಿಂದ ಮನುಷ್ಯರು ಸಾಯಲು ಶುರುವಾದ ಮೇಲೆ. ಮಂಗ ಸತ್ತಾಗ ಅಲ್ಲ.

ಕಣ್ಣಿಗೆ ಕಾಣುವುದು ಮಾತ್ರ ಸುದ್ದಿಯಾಗುವ ಕಾಲ ಇದು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿತು, ಕೆರೆಗೇ ಬೆಂಕಿ ಬಿತ್ತು, ಕ್ಯಾಮೆರಾಗೆ ಅದಕ್ಕಿಂತ ಏನು ಬೇಕು? 2017ರಲ್ಲಿ ಆ ಸುದ್ದಿ ನೋಡಿಯೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿ ಕೇಸು ಕೈಗೆತ್ತಿಕೊಂಡಿತು. ಒಳ್ಳೆಯದೇ ಆಯಿತು. ಆದರೆ ಪಾವಗಡದ ಬೋರ್‌ವೆಲ್ ನೀರಿನ ಫ್ಲೋರೈಡ್‌ಗೆ ನೊರೆ ಇಲ್ಲ, ಹೊಗೆ ಇಲ್ಲ. ಹಲ್ಲು ಕಂದಾಗಿ, ಮೂಳೆ ಬಾಗಲು ವರ್ಷಗಳೇ ಬೇಕು. ಅಷ್ಟು ನಿಧಾನದ ಸುದ್ದಿಗೆ ವ್ಯೂಸ್ ಬರಲ್ಲ.

ಈಗ ಮಂಗಕ್ಕೆ ವಾಪಸ್ ಬರೋಣ. ಇದನ್ನು ಪತ್ರಿಕೆ ಓದುವವರಲ್ಲೂ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ರೋಗಗಳ ಮೇಲೆ ಕಣ್ಣಿಡಲು ಕೇಂದ್ರ ಸರ್ಕಾರದ ಒಂದು ವ್ಯವಸ್ಥೆ ಇದೆ, 2004ರಲ್ಲಿ ಶುರುವಾದದ್ದು. ಅದರಲ್ಲಿ 2008ರಿಂದ ಒಂದು ಘಟಕದ ಕೆಲಸವೇ ದಿನಾ ಪತ್ರಿಕೆ, ಟಿವಿ, ವೆಬ್‌ಸೈಟ್ ಜಾಲಾಡುವುದು. ಎಲ್ಲಿ ವಾಂತಿಭೇದಿ, ಎಲ್ಲಿ ಗೊತ್ತಿಲ್ಲದ ಜ್ವರ ಅಂತ ಹೆಕ್ಕಿ ಆಯಾ ಜಿಲ್ಲೆಗೆ ‘ಇದು ನಿಜವಾ, ನೋಡಿ’ ಅಂತ ಕಳಿಸುವುದು. 2022ರಿಂದ ಈ ಓದುವ ಕೆಲಸಕ್ಕೆ ಕಂಪ್ಯೂಟರನ್ನೂ ಹಚ್ಚಿದ್ದಾರೆ, ಅದು ಹಲವು ಭಾರತೀಯ ಭಾಷೆಗಳಲ್ಲಿ ಓದುತ್ತದೆ. ಒಳ್ಳೆಯ ಉಪಾಯ. ಆದರೆ ಕಂಪ್ಯೂಟರ್ ಎಷ್ಟೇ ಜಾಣ ಇದ್ದರೂ ಯಾರೋ ಬರೆದದ್ದನ್ನು ತಾನೇ ಓದಬೇಕು? ನಮ್ಮ ಆ ಎರಡು ಇಂಚಿನ ಸುದ್ದಿ ನಿಂತರೆ ನಿಮ್ಮೊಬ್ಬರಿಗೆ ಓದಲು ಸಿಗುವುದಿಲ್ಲ ಅಂತಷ್ಟೇ ಅಲ್ಲ, ದೆಹಲಿಯಲ್ಲಿ ಕೂತವರ ಒಂದು ಕಣ್ಣೂ ಮಂಜಾಗುತ್ತದೆ. ಮಂಗನ ಕಾಯಿಲೆ ಪತ್ತೆಯಾದದ್ದೇ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯುತ್ತಿವೆ ಅನ್ನುವ ಮಾತಿನ ಎಳೆ ಹಿಡಿದು. ಮೊದಲು ಮಂಗ, ಆಮೇಲೆ ಮನುಷ್ಯ.

ಹಾಗಂತ ಹಳೆಯ ಕಾಲ ಬಂಗಾರದ್ದು ಅಂತ ನಾನು ಹೇಳಲ್ಲ. ನನ್ನದೇ ಒಂದು ತಪ್ಪು ಕೇಳಿ. ಒಂದು ಸಲ ಆತುರದಲ್ಲಿ, ಮಂಗನ ಕಾಯಿಲೆ ರೋಗಿಯ ಹತ್ತಿರ ಇದ್ದವರಿಗೂ ಅಂಟುತ್ತದೆ ಅನ್ನುವ ಅರ್ಥ ಬರುವ ಹಾಗೆ ಬರೆದಿದ್ದೆ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ರೋಗ ಅಲ್ಲ. ಆ ಊರಿನ ಒಂದು ಮದುವೆಯಲ್ಲಿ ರೋಗಿಯ ಮನೆಯವರು ಪಂಕ್ತಿಯಲ್ಲಿ ಕೂತರೆ ಅಕ್ಕಪಕ್ಕದವರು ಎದ್ದು ಹೋದರಂತೆ. ಎರಡು ದಿನ ಬಿಟ್ಟು ಒಳಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿದೆವು. ಅದನ್ನು ಆ ಪಂಕ್ತಿಯವರು ಓದಿರುತ್ತಾರಾ? ಆಗ ನನ್ನ ತಪ್ಪು ಒಂದು ಜಿಲ್ಲೆಯಲ್ಲಿ ಓಡಾಡಿತು. ಈಗಿನ ಒಂದು ಫಾರ್ವರ್ಡ್ ಮೆಸೇಜಿಗೆ ಜಿಲ್ಲೆಯ ಗಡಿಯೇ ಇಲ್ಲ.

ಹಾಗೇ, ಇಂಥ ಸುದ್ದಿಯೆಲ್ಲ ದೊಡ್ಡ ಪತ್ರಿಕೆಗಳಿಂದಲೇ ಬಂತು ಅನ್ನುವುದೂ ಪೂರ್ತಿ ನಿಜ ಅಲ್ಲ. ಎಂಡೋಸಲ್ಫಾನ್ ಅನ್ನುವ ಕೀಟನಾಶಕ ನೆನಪಿದೆಯಲ್ಲ? ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿಯುತ್ತಿದ್ದಾಗ, ಹುಟ್ಟುವ ಕರುಗಳ ಕಾಲು ಸೊಟ್ಟಗಾಗುತ್ತಿದೆ ಯಾಕೆ ಅಂತ ಬಹಳ ಮೊದಲೇ ಕೇಳಿ ಬರೆದವರು ಅದೇ ಸೀಮೆಯ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ. ದಕ್ಷಿಣ ಕನ್ನಡದ ಕೊಕ್ಕಡದ ಕಡೆಯ ಗೇರು ತೋಟಗಳಿಗೂ ಅದೇ ವಿಷ ಬಿದ್ದಿತ್ತು. ಸುಪ್ರೀಂ ಕೋರ್ಟ್ ದೇಶಾದ್ಯಂತ ನಿಲ್ಲಿಸಿದ್ದು 2011ರಲ್ಲಿ. ಮಧ್ಯೆ ಎಷ್ಟು ವರ್ಷ ಕಳೆಯಿತು ನೋಡಿ. ಆ ಊರಲ್ಲೇ ಇದ್ದು, ಬಿಡದೆ ಅದನ್ನೇ ನೋಡುವ ಒಬ್ಬ ಬೇಕಿತ್ತು, ಇದ್ದರು. ಪುತ್ತೂರಿನಿಂದ ಬರುವ ‘ಅಡಿಕೆ ಪತ್ರಿಕೆ’ ಅವರದೇ ಸಂಪಾದಕತ್ವದ್ದು, 1988ರಿಂದ ಬರುತ್ತಿದೆ. ನೀವು ಅಡಿಕೆ ಬೆಳೆಗಾರರಾಗಿದ್ದರೆ ನಿಮ್ಮ ಅಟ್ಟದಲ್ಲೂ ಹಳೆಯ ಸಂಚಿಕೆ ಇರಬಹುದು.

ಅಹವಾಲು ಸಭೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಿಮಗಾದದ್ದು ಬೇಕಾದಷ್ಟು ಜನಕ್ಕೆ ಆಗಿದೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ದಿನಪತ್ರಿಕೆ ಮತ್ತು ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಕಾನೂನು ಬರೆದಾಗ ಎಲ್ಲರೂ ಪತ್ರಿಕೆ ಓದುತ್ತಾರೆ ಅನ್ನುವ ನಂಬಿಕೆ ಇತ್ತು. ನೀವು ಓದುತ್ತೀರಿ. ಆದರೆ ನೀವು ಓದುವ ಪತ್ರಿಕೆಯಲ್ಲೇ ಬರಬೇಕು ಅಂತೇನೂ ಇಲ್ಲ. ಬಂದರೂ ಟೆಂಡರ್, ಕೋರ್ಟ್ ನೋಟಿಸುಗಳ ನಡುವೆ ಸಣ್ಣ ಅಕ್ಷರದಲ್ಲಿ. ಮೊದಲು ಆ ನೋಟಿಸು ಕಂಡ ಕೂಡಲೇ ಸ್ಥಳೀಯ ವರದಿಗಾರ ಸುದ್ದಿ ಮಾಡುತ್ತಿದ್ದ, ಜನ ಓದುತ್ತಿದ್ದದ್ದು ಆ ಸುದ್ದಿಯನ್ನು. ಈಗ ನೋಟಿಸು ಮಾತ್ರ ಬರುತ್ತದೆ, ಸುದ್ದಿ ಬರುವುದಿಲ್ಲ. ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ಸಭೆಗೆ 2025ರಲ್ಲಿ ಜನ ಕಿಕ್ಕಿರಿದು ಬಂದರು, ಅದು ಎಲ್ಲರ ಬಾಯಲ್ಲಿತ್ತು. ಒಂದು ಹೋಬಳಿಯ ಕಾರ್ಖಾನೆಗೆ ಆ ಭಾಗ್ಯ ಇಲ್ಲ.

ಸಭೆ ಮುಗಿದಿದೆ ಅಂತ ಕೈ ಚೆಲ್ಲಬೇಡಿ. ಸಭೆಯ ನಡಾವಳಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ವೆಬ್‌ಸೈಟಿನಲ್ಲಿ ನೋಡಿ. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಖರ್ಚು, 30 ದಿನದಲ್ಲಿ ಉತ್ತರ ಕೊಡಬೇಕು. ಪರಿಸರ ಅನುಮತಿ ಸಿಕ್ಕಿದ ಮೇಲೆ ಕಂಪನಿಯವರು ಅದನ್ನೂ ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಈ ದಿನಾಂಕದ ಮೇಲೆ ಕಣ್ಣಿಡಿ. ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ ಮಾತ್ರ, ಸರಿಯಾದ ಕಾರಣ ಇದ್ದರೆ ಇನ್ನು 60 ದಿನದವರೆಗೆ ಒಪ್ಪಬಹುದು. ಅದು ದಾಟಿದರೆ ಎಷ್ಟು ಒಳ್ಳೆಯ ವಕೀಲರಿದ್ದರೂ ಕಷ್ಟ. ನಾನು ನೋಡಿದ ಹಾಗೆ ಹಳ್ಳಿಯವರು ವಾದದಲ್ಲಿ ಸೋತದ್ದಕ್ಕಿಂತ ದಿನಾಂಕದಲ್ಲಿ ಸೋತದ್ದೇ ಜಾಸ್ತಿ.

ಮಂಗ ಸತ್ತರೆ ಯಾರಿಗೆ ಹೇಳಬೇಕು? ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ, ಜೊತೆಗೆ ಪಂಚಾಯಿತಿಗೆ, ಅರಣ್ಯ ಇಲಾಖೆಯ ಗಾರ್ಡಿಗೆ. ಅವರು ಬಂದು ಮಾದರಿ ತೆಗೆದು, ದೇಹ ಸುಟ್ಟು, ಸುತ್ತ ಔಷಧಿ ಹೊಡೆಯಬೇಕು. ನೀವು ಮುಟ್ಟಬೇಡಿ, ಹೂಳಲೂ ಹೋಗಬೇಡಿ. ಫೋನಿನಲ್ಲಿ ಹೇಳಿದ ಮೇಲೆ ಅದನ್ನೇ ಒಂದು ಚೀಟಿಯಲ್ಲಿ ಬರೆದು ಕೊಟ್ಟು, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ‘ಇಂಥ ತಾರೀಖು, ಇಂಥ ಸರ್ವೆ ನಂಬರಿನ ಬೆಟ್ಟ, ಎರಡು ಮಂಗ’ ಅಂದರೆ ಸಾಕು. ಕಾಗದ ಮೇಜಿನ ಮೇಲೆ ಹಾಗೇ ಮಲಗುವ ಸಂಭವ ಇದ್ದೇ ಇದೆ. ಆದರೆ ಸೀಲು ಬಿದ್ದ ಪ್ರತಿ ನಿಮ್ಮ ಹತ್ತಿರ ಇದ್ದರೆ ಸ್ಟ್ರಿಂಗರ್ ಅರ್ಧ ದಿನ ಅಲೆಯಬೇಕಾಗಿಲ್ಲ. ಅವನಿಗೆ ಅದರ ಫೋಟೋ ಕಳಿಸಿ, ಮಂಗ ಬಿದ್ದ ಜಾಗದ ಫೋಟೋ ಮೊದಲೇ ತೆಗೆದದ್ದಿದ್ದರೆ ಅದನ್ನೂ ಕಳಿಸಿ. ‘ಇಷ್ಟು ದಿನವಾದರೂ ಯಾರೂ ಬಂದಿಲ್ಲ’ ಅನ್ನುವುದು ಅವನಿಗೆ ಕೂತಲ್ಲೇ ಸಿಗುವ ಸುದ್ದಿ. ಡೆಸ್ಕಿನವರೂ ಬೇಡ ಅನ್ನಲ್ಲ, ಕೈಯಲ್ಲಿ ಕಾಗದ ಇದೆ.

ಊರಿನ ವಾಟ್ಸಾಪ್ ಗುಂಪಿಗೆ ಹಾಕುವುದು ತಪ್ಪಲ್ಲ, ಬೇಗ ತಲುಪುತ್ತದೆ. ಜಾಗದ ಹೆಸರು ಹಾಕಿ, ತಾರೀಖು ಹಾಕಿ. ಜ್ವರ ಬಂದವರ ಹೆಸರು, ಫೋಟೋ ಮಾತ್ರ ಯಾವ ಕಾರಣಕ್ಕೂ ಬೇಡ. ಆ ಪಂಕ್ತಿಯ ಕಥೆ ಹೇಳಿದೆನಲ್ಲ. ತಾರೀಖು ಯಾಕೆ ಅಂದರೆ ಇಂಥ ಮೆಸೇಜ್ ಮುಂದಿನ ವರ್ಷ ಎಲ್ಲೋ ಎದ್ದು ಇನ್ನೊಂದು ಊರನ್ನು ಹೆದರಿಸುತ್ತದೆ.

ಯೂಟ್ಯೂಬ್ ಹುಡುಗನಿಗೆ ದುಡ್ಡು ಕೊಡಬೇಡಿ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ನಮ್ಮ ಹಳೆಯ ಸ್ಟ್ರಿಂಗರ್ ಕೂಡ ಕಿಸೆಯಿಂದಲೇ ಪೆಟ್ರೋಲ್ ಹಾಕಿಸಿಕೊಳ್ಳುತ್ತಿದ್ದ. ಕೆಲವು ತಾಲ್ಲೂಕುಗಳಲ್ಲಿ ಇಂಥ ಹುಡುಗರು ದೊಡ್ಡ ಪತ್ರಿಕೆಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ, ನಾನೇ ನೋಡಿದ್ದೇನೆ. ಆದರೆ ನಿಮ್ಮ ಹತ್ತಿರ ಸುದ್ದಿ ಹಾಕಲು ದುಡ್ಡು ಕೇಳಿದವನು ನಾಳೆ ಕಾರ್ಖಾನೆಯವರ ಹತ್ತಿರ ಸುದ್ದಿ ಹಾಕದಿರಲು ಕೇಳಬಹುದು. ನೀವು ದುಡ್ಡು ಕೊಟ್ಟದ್ದು ಗೊತ್ತಾದರೆ ‘ಮೇಷ್ಟ್ರು ಹೇಳಿ ಹಾಕಿಸಿದ್ದು’ ಅಂತಾಗುತ್ತದೆ, ನಿಜವಾದ ಸುದ್ದಿಯೂ ಸುಳ್ಳಿನ ಹಾಗೆ ಕಾಣುತ್ತದೆ. ಸೀಲು ಬಿದ್ದ ಅದೇ ಕಾಗದವನ್ನು ಅವನಿಗೂ ಪುಕ್ಕಟೆ ಕಳಿಸಿ. ಹಾಕಿದರೆ ಹಾಕಲಿ.

ಪತ್ರಿಕೆ ನಿಲ್ಲಿಸಲಾ ಅಂದಿರಿ. ನಿಲ್ಲಿಸುವುದು ನಿಮ್ಮಿಷ್ಟ, ಆದರೆ ನಿಲ್ಲಿಸುವ ಮೊದಲು ಸಂಪಾದಕರಿಗೆ ಒಂದು ಪತ್ರ ಬರೆಯಿರಿ. ನನಗೆ ಬರೆದದ್ದನ್ನೇ ಬರೆಯಿರಿ, ನಲವತ್ತು ವರ್ಷದ ಓದುಗ ಅಂತಲೂ ಬರೆಯಿರಿ. ಬೆಳಗಿನ ಮೀಟಿಂಗಿನಲ್ಲಿ ಇಂಥ ಪತ್ರ ಓದಿ ಜಿಲ್ಲಾ ವರದಿಗಾರನಿಗೆ ಫೋನ್ ಮಾಡಿದ್ದನ್ನು ನಾನು ಹಲವು ಸಲ ನೋಡಿದ್ದೇನೆ. ಪತ್ರಿಕೆ ಮುಂದುವರಿಸುವುದಾದರೆ ದಿನಕ್ಕೆ ಐದು ನಿಮಿಷ ಆ ಟೆಂಡರ್ ನೋಟಿಸಿನ ಪುಟಕ್ಕೂ ಕೊಡಿ. ನಿಮ್ಮ ತಾಲ್ಲೂಕಿನ ಹೆಸರು ಕಂಡರೆ ಕತ್ತರಿಸಿ ಹಾಲಿನ ಡೈರಿಯ ಗೋಡೆಗೆ ಅಂಟಿಸಿ. ಬೆಳಗ್ಗೆ ಊರೆಲ್ಲ ಅಲ್ಲಿಗೆ ಬರುತ್ತದಲ್ವಾ.

ಮಂಗದ ಮಾದರಿಯ ರಿಪೋರ್ಟ್ ಏನಂತ ಬಂತು, ಗೊತ್ತಾದರೆ ನನಗೂ ಒಂದು ಸಾಲು ಬರೆಯಿರಿ ಮೇಷ್ಟ್ರೇ.